ಮಗಳು ಹಿಂದಕ್ಕೆ ಲಾಗ ಹೊಡೆಯೋದು ಕಲೀತಿದ್ದಾಳೆ, ನಾನು ವ್ಯಾಪಾರದ ಪರಿಚಯ ಬೆಳೆಸೋದು ಕಲೀತಿದ್ದೀನಿ: ಒಂದು ಮೆಟ್ಟಿಲು ಮುಗೀತು ಅಂತ ಗೊತ್ತಾಗೋದು ಹೇಗೆ?

ಉದ್ಯಮಬಾಗ ಲೇಥ್ (ಬೆಳಗಾವಿ), ಸೋಮವಾರ ರಾತ್ರಿ 9:42

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗುತ್ತೆ, ಓದಿ ಹೇಳ್ರಿ.

ನನ್ನ ಮಗಳಿಗೆ ಒಂಬತ್ತು ವರ್ಷ. ಎಂಟು ತಿಂಗಳಿಂದ ಜಿಮ್ನಾಸ್ಟಿಕ್ಸ್ ಕ್ಲಾಸಿಗೆ ಹೋಗ್ತಾಳೆ. ಅವಳ ಗೆಳತಿಯೊಬ್ಬಳು ಬೇರೆ ಕಡೆ ಕಲಿತು ಆಗಲೇ ಬ್ಯಾಕ್ ಹ್ಯಾಂಡ್‌ಸ್ಪ್ರಿಂಗ್ ಮಾಡ್ತಾಳೆ (ಹಿಂದಕ್ಕೆ ಹಾರಿ, ಕೈ ಊರಿ, ಮತ್ತೆ ಕಾಲಮೇಲೆ ನಿಲ್ಲೋ ಲಾಗ), ವಿಡಿಯೋ ಕಳಿಸ್ತಾಳೆ. ನಮ್ಮವಳು ಇನ್ನೂ ಗೋಡೆಗೆ ಕಾಲು ಕೊಟ್ಟು ಕೈಮೇಲೆ ನಿಲ್ಲೋದರಲ್ಲೇ ಇದ್ದಾಳೆ. ಮನೆಗೆ ಬಂದು ಅಳ್ತಾಳೆ. ಹೋದ ಶನಿವಾರ ನಾನೇ ಹೋಗಿ ಕೋಚ್ ಹತ್ತಿರ ಕೇಳಿದೆ: "ಮೇಡಂ, ಮುಂದಿನದು ಯಾವಾಗ ಕಲಿಸ್ತೀರಿ?"

ಅವರು ಮಾತಾಡಲಿಲ್ಲ. ಮಗಳನ್ನು ಕರೆದು, ಗೋಡೆಗೆ ಮುಖ ಮಾಡಿ ಕೈಮೇಲೆ ನಿಲ್ಲು ಅಂದರು. ನಿಂತಳು. ಹತ್ತು ಸೆಕೆಂಡ್ ಒಳ್ಳೆ ಕಂಬದ ಹಾಗೆ ಇದ್ದಳು. ಹದಿನೈದು ಆಗೋ ಹೊತ್ತಿಗೆ ಹೊಟ್ಟೆ ಗೋಡೆ ಕಡೆ ಜೋತು ಬಿತ್ತು, ನಡು ಬಾಳೆಹಣ್ಣಿನ ಹಾಗೆ ಬಾಗಿತು, ಹೆಗಲು ಕುಸಿದು ತಲೆ ನೆಲದ ಹತ್ತಿರ ಬಂತು. ಆಗ ಕೋಚ್ ಅಂದರು: "ನೋಡಿದ್ರಲ್ಲ, ಹಿಂದಕ್ಕೆ ಹಾರಿ ಕೈ ಊರುವಾಗ ಇವಳು ಇದೇ ಆಕಾರದಲ್ಲಿ ಬರ್ತಾಳೆ. ಆ ಭಾರಕ್ಕೆ ಮೊಣಕೈ ಮಡಚಿದರೆ ಮೊದಲು ನೆಲ ಮುಟ್ಟೋದು ತಲೆ."

ನಾನು ಸುಮ್ಮನೆ ಬಂದೆ. ಆದರೆ ಆ ಮಾತು ನನ್ನ ಕಸುಬಿಗೇ ತಗಲಿದ ಹಾಗೆ ಆಯ್ತು.

ಉದ್ಯಮಬಾಗದಲ್ಲಿ ನನ್ನದೊಂದು ಸಣ್ಣ ವರ್ಕ್‌ಶಾಪ್ ಇದೆ. ಎರಡು ಸಿಎನ್‌ಸಿ (ಕಂಪ್ಯೂಟರಿನಿಂದ ನಡೆಯೋ) ಮಷೀನು, ಲೋಹ ಕಡೆಯೋ ಒಂದು ಹಳೇ ಲೇಥ್, ಐದು ಜನ ಹುಡುಗರು. ಹೈಡ್ರಾಲಿಕ್ ಪಂಪು, ವಾಲ್ವುಗಳಿಗೆ ಬುಷ್, ಸ್ಲೀವ್ (ಶಾಫ್ಟ್ ಸುತ್ತ ಕೂರೋ ಕೊಳವೆಯಂಥ ಬಿಡಿಭಾಗ) ಜಾಬ್‌ವರ್ಕ್ ಮಾಡ್ತೀನಿ. ಎರಡು ವರ್ಷದ ಹಿಂದೆ, ವಾರಕ್ಕೊಮ್ಮೆ ಬೆಳಗ್ಗೆ ಸೇರುವ ಉದ್ಯಮಿಗಳ ಗುಂಪೊಂದಕ್ಕೆ ಸೇರಿದೆ. ಮೂರನೇ ವಾರಕ್ಕೇ ಒಬ್ಬರು ನನ್ನನ್ನು ದೊಡ್ಡ ಪಾರ್ಟಿಯೊಬ್ಬರಿಗೆ ಪರಿಚಯ ಮಾಡಿಸಿದರು. 2,000 ಬುಷ್. ಖುಷಿಯಲ್ಲಿ ಹೂಂ ಅಂದುಬಿಟ್ಟೆ. ಸ್ಯಾಂಪಲ್ ಕೊಡ್ತೀನಿ, ನೀವು ಪಾಸ್ ಮಾಡಿದ ಮೇಲೆ ಮಾಲು ಶುರು ಮಾಡ್ತೀನಿ ಅಂತ ಹೇಳೋ ಧೈರ್ಯ ಬರಲಿಲ್ಲ. ಕೇಳಿದರೆ ಕೆಲಸ ಕೈತಪ್ಪುತ್ತೆ ಅಂತ ಭಯ. ರಾತ್ರಿ ಪಾಳಿಯಲ್ಲಿ ಟೂಲ್ ಸವೆದಿದ್ದು ಯಾರೂ ನೋಡಲಿಲ್ಲ, 300ರ ಮೇಲೆ ಪೀಸಿನ ಒಳ ವ್ಯಾಸ ಅಳತೆ ತಪ್ಪಿತು. ಎಲ್ಲ ವಾಪಸ್ ಬಂತು. ದುಡ್ಡು ಹೋದದ್ದು ಹೇಗೋ ತುಂಬಿಕೊಂಡೆ. ಆದರೆ ನನ್ನನ್ನು ಪರಿಚಯಿಸಿದ ಆ ಹಿರಿಯರು ತಲೆ ತಗ್ಗಿಸಬೇಕಾಯ್ತು. ಅವರ ಮುಖ ನನಗೆ ಇವತ್ತಿಗೂ ಕಾಣುತ್ತೆ.

ನನಗೆ ಬಂದ ಕೆಲಸ ನಾನಿನ್ನೂ ಹತ್ತದ ಮೆಟ್ಟಿಲಿನದು. ಮಗಳಿಗೆ ಹೇಳೋಕೆ ಒಬ್ಬರು ಕೋಚ್ ಇದ್ದಾರೆ. ನನಗೆ ಯಾರೂ ಇರಲಿಲ್ಲ.

ನನ್ನ ಪ್ರಶ್ನೆ ಇಷ್ಟೇ. ಹಂತ ಹಂತವಾಗಿ ಕಲಿಬೇಕು ಅಂತ ಎಲ್ಲರೂ ಹೇಳ್ತಾರೆ, ಒಪ್ಪಿದೆ. ಒಂದು ಹಂತ ಮುಗೀತು, ಇನ್ನು ಮೇಲಿನದಕ್ಕೆ ಕಾಲಿಡಬಹುದು ಅಂತ ಗೊತ್ತಾಗೋದು ಯಾವುದರಿಂದ? ಆಟದವರು, ವ್ಯಾಪಾರದವರು, ಇಬ್ಬರೂ ಹೇಳ್ರಿ.

ಬೀಮ್ ಅಕ್ಕ (ಬೆಳಗಾವಿ), ಸೋಮವಾರ ರಾತ್ರಿ 10:30

ನಾನು ಹನ್ನೊಂದು ವರ್ಷದಿಂದ ಮಕ್ಕಳಿಗೆ ಜಿಮ್ನಾಸ್ಟಿಕ್ಸ್ ಕಲಿಸ್ತೀನಿ. ನಿಮ್ಮ ಮಗಳ ಕೋಚ್ ನಾನಲ್ಲ, ಆದರೆ ನಾನಾಗಿದ್ದರೂ ಅದನ್ನೇ ಮಾಡ್ತಿದ್ದೆ.

ಬ್ಯಾಕ್ ಹ್ಯಾಂಡ್‌ಸ್ಪ್ರಿಂಗ್ ಒಂದು ಹಾರಾಟದ ಹಾಗೆ ಕಾಣುತ್ತೆ. ನಮಗೆ ಅದು ಏಳೆಂಟು ಬೇರೆ ಬೇರೆ ಕೆಲಸ. ಮೊದಲು ಅಂಗಾತ ಮಲಗಿ, ಸೊಂಟ ನೆಲಕ್ಕೆ ಒತ್ತಿ, ಕೈಕಾಲು ಸ್ವಲ್ಪವೇ ಎತ್ತಿ ದೋಣಿಯ ಹಾಗೆ ಹಿಡಿಯೋದು. ನೋಡೋಕೆ ಏನೂ ಇಲ್ಲ, ಮಕ್ಕಳಿಗೆ ಬೇಸರ. ಆದರೆ ಜಿಮ್ನಾಸ್ಟಿಕ್ಸಿನ ಅರ್ಧ ಅಕ್ಷರಮಾಲೆ ಆ ದೋಣಿಯಲ್ಲೇ ಇದೆ. ಆಮೇಲೆ ಬ್ರಿಡ್ಜ್, ಅಂದರೆ ನಮ್ಮ ಚಕ್ರಾಸನ, ಹೆಗಲು ಬಿಚ್ಚಿಕೊಳ್ಳೋಕೆ. ಆಮೇಲೆ ಗೋಡೆಗೆ ಮುಖ ಮಾಡಿ ಕೈಮೇಲೆ ನಿಲ್ಲೋದು. ಅಲ್ಲಿಂದ ಹೆಗಲಿನಿಂದಲೇ ನೆಲವನ್ನು ಒತ್ತಿ ಅಂಗೈ ಎದ್ದೇಳಿಸೋದು, ಮೊಣಕೈ ಮಡಚೋ ಹಾಗಿಲ್ಲ. ಇನ್ನೊಂದು ಕಡೆ, ಇಲ್ಲದ ಕುರ್ಚಿಯ ಮೇಲೆ ಕೂತ ಹಾಗೆ ಕೂತು ಹಿಂದಕ್ಕೆ ದಪ್ಪ ಗಾದಿಯ ಮೇಲೆ ಹಾರಿ ಬೀಳೋದು. ಆಮೇಲೆ ಉರುಳೆ ಗಾದಿಯ ಮೇಲೆ ಹಿಂದಕ್ಕೆ ಉರುಳೋದು, ಇಳಿಜಾರು ಗಾದಿ, ನನ್ನ ಎರಡು ಕೈ ಆಸರೆ, ಒಂದು ಕೈ ಆಸರೆ, ಬರೀ ಎರಡು ಬೆರಳು. ಕೊನೆಗೆ ನಾನು ಪಕ್ಕದಲ್ಲಿ ನಿಂತಿರೋದು ಮಾತ್ರ.

ಈಗ ನಿಮ್ಮ ಪ್ರಶ್ನೆ. ಒಂದು ಸಲ ಮಾಡಿ ತೋರಿಸಿದರೆ ನಾನು ಒಪ್ಪಲ್ಲ. ಕ್ಲಾಸಿನ ಕೊನೆಯ ಹತ್ತು ನಿಮಿಷ, ಮಕ್ಕಳು ದಣಿದು ನೀರು ಕುಡಿಯೋಕೆ ಓಡ್ತಿರ್ತಾರಲ್ಲ, ಆಗ ಕರೆದು ಮಾಡಿಸ್ತೀನಿ. ದಣಿದಾಗಲೂ ಆಕಾರ ಕೆಡದಿದ್ದರೆ, ಅದೂ ಬೇರೆ ಬೇರೆ ದಿನ ಕೆಡದಿದ್ದರೆ, ಆ ಮೆಟ್ಟಿಲು ಅವಳದಾಯ್ತು. ಇನ್ನೊಂದು ಗುರುತು ಕಣ್ಣು. ಮಾಡೋ ಮುಂಚೆ ಮಗು ನನ್ನ ಕಡೆ ನೋಡಿದರೆ ಅದು ಇನ್ನೂ ನನ್ನ ಆಸರೆಯ ಮೇಲಿದೆ. ನನ್ನನ್ನು ಮರೆತು ಮಾಡಿದ ದಿನ ಆಸರೆ ತೆಗೀತೀನಿ.

ಬೀಮ್, ಅಂದರೆ ಮೇಲೆ ನಿಂತು ಕಸರತ್ತು ಮಾಡೋ ತೊಲೆ, ಅದರ ವಿಷಯದಲ್ಲೂ ಹೀಗೇ. ಅದು 10 ಸೆಂಟಿಮೀಟರ್ ಅಗಲ, 5 ಮೀಟರ್ ಉದ್ದ, ನೆಲದಿಂದ 125 ಸೆಂಟಿಮೀಟರ್ ಎತ್ತರ. ನಮ್ಮ ಹುಡುಗಿಯರು ಮೊದಲ ಎಷ್ಟೋ ತಿಂಗಳು ನಡೆಯೋದು ನೆಲದ ಮೇಲೆ ಎಳೆದ ಗೆರೆಯ ಮೇಲೆ. ಆಮೇಲೆ ನೆಲದಲ್ಲೇ ಇಟ್ಟ ತಗ್ಗು ಬೀಮ್. ಅಗಲ ಅದೇ, ಎತ್ತರ ಮಾತ್ರ ಕಡಿಮೆ. ತಪ್ಪು ಮಾಡೋಕೆ ಜಾಗ ಕೊಟ್ಟು ಕಲಿಸೋದು ಅಂದರೆ ಅದೇ. ನೀವು 2,000 ಬುಷ್ ಒಪ್ಪಿಕೊಂಡಾಗ ನಿಮಗೆ ಆ ತಗ್ಗು ಬೀಮ್ ಇರಲಿಲ್ಲ ಅಣ್ಣಾರೆ. ಮಗಳಿಗೆ ಹೇಳ್ರಿ, ಹದಿನೈದು ಸೆಕೆಂಡ್ ಸಣ್ಣದಲ್ಲ ಅಂತ.

ಎರಂಡೆಣ್ಣಿ (ಬಾಗಲಕೋಟೆ ಜಿಲ್ಲಾ), ಮಂಗಳವಾರ ಬೆಳಗ್ಗೆ 6:15

ನಾವು ತುಳಸಿಗೇರಿ ಕಡಿಯಾವ್ರರೀ. ನಮ್ಮ ಭಾಗದಾಗ ಮಲ್ಲಕಂಬ ಅಂದ್ರ ಮನಿ ಮನಿಗೂ ಗೊತ್ತು. ಆರು ವರ್ಷದ ಹುಡುಗೂರು ಬಂದು ಕಂಬ ತಬ್ಬಕೊಂಡ ನಿಂದರತಾವ.

ಕಂಬಕ್ಕ ಎರಂಡೆಣ್ಣಿ ಹಚ್ಚತೀವಿ. ಹೊಸಾ ಹುಡುಗ ಬಂದ ದಿನಾನ ಮ್ಯಾಲ ಹತ್ತಾಕ ನೋಡತಾನ. ಜಾರಿ ಕೆಳಗ ಬರತಾನ. ಗುರುಗಳು ಅವಗ ಮೊದಲ ಕಲಸೂದು ಸಲಾಮಿ. ಕಂಬಕ್ಕ ಕೈ ಹಚ್ಚಿ ನಮಸ್ಕಾರ ಮಾಡಿ, ಕಾಲಾಗ ಕಂಬ ಅವಚಕೊಂಡ ಹಿಡಿಯೂದು. ತೊಡಿ, ಪಿಂಡರಿ, ಪಾದ, ಎಲ್ಲಾ ಕಂಬಕ್ಕ ಹತ್ತಬೇಕು. ಅದು ಬಂದ ಮ್ಯಾಲ ಬಗಲಿ, ದಸರಂಗ ಅನ್ನೂ ಪಟ್ಟು, ಆಮ್ಯಾಗ ತುದಿಮ್ಯಾಲಿನ ಆಸನ. ಇಳಿಯೂದು ಕಲಿಯಲಾರದ ಹತ್ತಾಕ ಬಿಡೂದಿಲ್ಲ. ನನಗ ಎರಡು ತಿಂಗಳ ಬರೇ ಇಳಿಯೂದ ಕಲಿಸಿದ್ರು. ಆಗ ಸಿಟ್ಟ ಬಂದಿತ್ತು. ಈಗ ನಾನೂ ಸಣ್ಣ ಹುಡುಗೂರಿಗೆ ಅದನ್ನ ಕಲಸತೀನಿ.

ಗುರುತು ಏನಂತ ಕೇಳಿದ್ರಲ್ಲ, ನಮ್ಮಲ್ಲಿ ಒಂದು ಪದ್ಧತಿ ಐತ್ರೀ. ತಾ ಕಲಿತಿದ್ದನ್ನ ತನಗಿಂತ ಸಣ್ಣಾವಗ ಕಲಸಾಕ ಹಚ್ಚತಾರ. ಅಲ್ಲಿ ಗೊತ್ತಾಗತೈತಿ ಅವಗ ಖರೇ ಬಂದೈತೋ ಇಲ್ಲೋ ಅಂತ. ಬಂದಿದ್ರ "ಇಲ್ಲಿ ಕಾಲಿಡು, ಇಲ್ಲಿ ಉಸರ ಹಿಡಿ" ಅಂತ ಹೇಳತಾನ. ಬರಲಿದ್ರ "ನಾ ಮಾಡಿದಂಗ ಮಾಡು" ಅಂತಾನ ಅಷ್ಟ.

ನವನಗರ ಸಿಮೆಂಟ್ (ಬಾಗಲಕೋಟೆ), ಮಂಗಳವಾರ ಮಧ್ಯಾಹ್ನ 1:20

ನಾನು ಒಪ್ಪೋದಿಲ್ರೀ, ಮನಸ್ಸಿನಿಂದ ಹೇಳ್ತೀನಿ, ತಪ್ಪು ತಿಳ್ಕೋಬ್ಯಾಡ್ರಿ.

ಮೆಟ್ಟಿಲು ಮೆಟ್ಟಿಲು ಅಂತ ಕೂತ್ರೆ ಕೆಲವರು ಜೀವನಪೂರ್ತಿ ಮೊದಲ ಮೆಟ್ಟಿಲಲ್ಲೇ ಕೂತಿರ್ತಾರೆ. ಹೆದರಿಕೆಗೆ ತಯಾರಿ ಅಂತ ಹೆಸರಿಡೋದು ಸುಲಭ. ಆಲಮಟ್ಟಿ ಹಿನ್ನೀರಿಗೆ ನಮ್ಮ ಹಳೇ ಅಂಗಡಿ ಮುಳುಗಡೆ ಆಯ್ತು. ನವನಗರಕ್ಕೆ ಬಂದಾಗ ಖಾಲಿ ರಸ್ತೆ, ಅರ್ಧ ಕಟ್ಟಿದ ಮನೆಗಳು, ಗುರುತಿನ ಮುಖ ಇಲ್ಲ. ಸಣ್ಣದಾಗಿ ಶುರು ಮಾಡ್ತೀನಿ ಅಂತ ಕಾಯೋಕೆ ಮನೆಯಲ್ಲಿ ಅಕ್ಕಿ ಇರಬೇಕಲ್ಲ! ಸೈಕಲ್ ಹತ್ತಿ ಒಂದೊಂದು ಸೈಟಿಗೂ ಹೋಗಿ, ಗುತ್ತಿಗೆದಾರರ ಮುಂದೆ ನಿಂತು, ಲೋಡು ಉದ್ರಿ ಕೊಟ್ಟೆ. ಹಾರಿದೆ, ನಿಂತೆ.

ಆಟದಲ್ಲೂ ಹಾಗೇ ಅಲ್ವಾ? ದೀಪಾ ಕರ್ಮಾಕರ್ 2016ರಲ್ಲಿ ರಿಯೋ ಒಲಿಂಪಿಕ್ಸಿನಲ್ಲಿ ಪ್ರೊಡುನೋವಾ ಮಾಡಿದಳು. ಜಗತ್ತಿನಲ್ಲಿ ನಾಲ್ಕಾರು ಜನ ಮಾತ್ರ ಪೈಪೋಟಿಯಲ್ಲಿ ಮಾಡಿದ ವಾಲ್ಟ್ (ಓಡಿ ಬಂದು ಮೇಜಿಗೆ ಕೈ ಊರಿ ಗಾಳಿಯಲ್ಲಿ ಲಾಗ ಹೊಡೆಯೋದು) ಅದು, ಕುತ್ತಿಗೆಗೆ ಅಪಾಯ ಅಂತ ಎಲ್ಲರೂ ಹೇಳ್ತಿದ್ದರು. ಸುಲಭದ್ದು ಮಾಡಿದ್ದರೆ ನಾಲ್ಕನೇ ಸ್ಥಾನ ಬರ್ತಿತ್ತಾ?

ಬೀಮ್ ಅಕ್ಕ (ಬೆಳಗಾವಿ), ಮಂಗಳವಾರ ಸಂಜೆ 4:05

ಸಿಮೆಂಟ್ ಅಣ್ಣಾರೆ, ದೀಪಾ ಹೆಸರು ಎತ್ತಿದ್ದು ಒಳ್ಳೇದಾಯ್ತು, ನನಗೆ ಅವಳಂದ್ರೆ ಜೀವ.

ರಿಯೋ ಫೈನಲ್‌ನಲ್ಲಿ ಅವಳ ಮೊದಲ ವಾಲ್ಟಿಗೆ 14.866, ಪ್ರೊಡುನೋವಾಗೆ 15.266. ಸರಾಸರಿ 15.066, ಕಂಚಿಗೆ 0.150 ಕಡಿಮೆ ಬಿತ್ತು. 2006ರಿಂದ ಅಂಕ ಹಾಕೋದು ಎರಡು ಭಾಗದಲ್ಲಿ: ಎಷ್ಟು ಕಷ್ಟದ್ದು ಅನ್ನೋದಕ್ಕೆ ಒಂದು, ಎಷ್ಟು ಶುದ್ಧವಾಗಿ ಮಾಡಿದೆ ಅನ್ನೋದಕ್ಕೆ ಒಂದು. ಪ್ರೊಡುನೋವಾದ ಕಷ್ಟದ ಅಂಕ ಆಗ 7.0. ಶುದ್ಧತೆಗೆ ಬಂದಿದ್ದು 8.266. ಮೊದಲ ವಾಲ್ಟಿನ ಶುದ್ಧತೆಗೆ 8.866. ಅಂದರೆ ಕಷ್ಟದ್ದು ಅವಳಿಗೆ ಅಂಕ ತಂದಿದ್ದು ಹೌದು, ಇಳಿಯುವಾಗ ತೀರಾ ತಗ್ಗಿ ಕೂತದ್ದಕ್ಕೆ ಅಂಕ ಕಳೆದದ್ದೂ ಹೌದು. ನಿಮ್ಮ ಮಾತಿನ ಅರ್ಧ ನಾನು ಒಪ್ಪಿದೆ.

ಆದರೆ ಅದು ಹಾರಿ ನೋಡೋಣ ಅಂತ ಹಾರಿದ್ದಲ್ಲ. ಅಗರ್ತಲಾದಲ್ಲಿ ಚಿಕ್ಕ ಹುಡುಗಿಯಾಗಿದ್ದಾಗಿಂದ ಬಿಶ್ವೇಶ್ವರ್ ನಂದಿ ಅವರ ಕೈಕೆಳಗೆ ಕಲಿತವಳು. ಅಂಗಾಲು ಚಪ್ಪಟೆ ಇತ್ತು, ಓಟಕ್ಕೂ ಇಳಿಯೋದಕ್ಕೂ ಅದು ಅಡ್ಡಿ. ಮೊದಲು ವರ್ಷಗಟ್ಟಲೆ ಪಾದವನ್ನೇ ತಿದ್ದಿದರು. 2014ರಲ್ಲಿ ಗ್ಲಾಸ್ಗೋ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ ಕಂಚು ಬಂದಿದ್ದು ಇದೇ ವಾಲ್ಟಿನ ಬಲದಿಂದ. ನಾವು ಟಿವಿಯಲ್ಲಿ ನೋಡಿದ್ದು ಕೊನೆಯ ಮೆಟ್ಟಿಲು.

ಇನ್ನೊಂದು ಹೇಳ್ತೀನಿ. ಮೇಲಿನ ಮೆಟ್ಟಿಲಿಂದ ಕೆಳಗೆ ಇಳಿಯೋದೂ ಒಂದು ವಿದ್ಯೆ. ಟೋಕಿಯೋ ಒಲಿಂಪಿಕ್ಸ್ 2021ರಲ್ಲಿ ನಡೆದಾಗ ಅಮೆರಿಕದ ಸಿಮೋನ್ ಬೈಲ್ಸ್‌ಗೆ ಗಾಳಿಯಲ್ಲಿ ತಾನೆಲ್ಲಿದ್ದೀನಿ ಅಂತ ತಿಳಿಯೋದೇ ನಿಂತುಹೋಯ್ತು. ಜಗತ್ತಿಗೇ ಮೇಲಾದವಳು ಫೈನಲ್‌ಗಳಿಂದ ಹಿಂದೆ ಸರಿದಳು, ಮೆತ್ತನೆ ಗಾದಿ ಇರುವ ಇನ್ನೊಂದು ಜಿಮ್‌ಗೆ ಹೋಗಿ ಮತ್ತೆ ಅಭ್ಯಾಸ ಮಾಡಿದಳು. ಬೀಮ್ ಫೈನಲ್‌ಗೆ ವಾಪಸ್ ಬಂದಾಗ, ತನ್ನ ಎಂದಿನ ತಿರುಚುವ ಇಳಿತ ಬಿಟ್ಟು ತಿರುಚಿಲ್ಲದ ಸುಲಭದ ಇಳಿತ ಮಾಡಿ ಕಂಚು ತಗೊಂಡಳು. ಅವತ್ತು ರಾತ್ರಿ ನಾನು ಅತ್ತಿದ್ದೆ. ನನ್ನ ಮಕ್ಕಳಿಗೆ ಚಿನ್ನದ ವಿಡಿಯೋಗಿಂತ ಆ ಕಂಚಿನದನ್ನೇ ಜಾಸ್ತಿ ತೋರಿಸ್ತೀನಿ.

ಕೊಂಡಿ ಸೆರಗು (ಇಳಕಲ್ಲ), ಮಂಗಳವಾರ ರಾತ್ರಿ 8:50

ನಮ್ಮದು ನೇಕಾರರ ಮನೆತನ. ಈಗ ಸೀರೆ ವ್ಯಾಪಾರವೂ ಮಾಡ್ತೀವಿ. ಸಿಮೆಂಟ್ ಅಣ್ಣಾರಿಗೆ ಒಂದು ಮಾತು ಕೇಳ್ಬೇಕಿತ್ತು.

ಇಳಕಲ್ ಸೀರೆಯ ಒಡಲಿನ ಹಾಸು (ಮಗ್ಗದ ಉದ್ದದ ಎಳೆಗಳು) ಬೇರೆ, ಸೆರಗಿನ ಹಾಸು ಬೇರೆ. ಎರಡನ್ನೂ ಎಳೆ ಎಳೆಯಾಗಿ ಕುಣಿಕೆ ಹಾಕಿ ಸೇರಿಸ್ತೀವಿ, ಅದಕ್ಕೇ ಕೊಂಡಿ ಅನ್ನೋದು. ಒಬ್ಬರ ಕೈಯಿಂದ ಆಗೋ ಕೆಲಸ ಅಲ್ಲ. ನನ್ನವ್ವ ಕೂತು ಕೊಂಡಿ ಹಾಕುವಾಗ ನಾವು ಮಾತಾಡಿಸ್ತಿರಲಿಲ್ಲ, ಒಂದು ಎಳೆ ತಪ್ಪಿದರೆ ಸೆರಗಿನ ಬಾಯಿಯಲ್ಲೇ ಗೊತ್ತಾಗುತ್ತೆ. ಸೀರೆ ಉಟ್ಟವರಿಗೆ ಕೊಂಡಿ ಕಾಣೋದಿಲ್ಲ, ಸೆರಗು ಕಾಣುತ್ತೆ.

ನೀವು ನವನಗರದಲ್ಲಿ ಹಾರಿದೆ ಅಂತೀರಿ. ನಿಮ್ಮ ಮೊದಲ ಲೋಡು ತಗೊಂಡವರು ಯಾರಂತ ನೆನಪಿದ್ಯಾ? ಪೂರಾ ಹೊಸಬರಾ?

ನವನಗರ ಸಿಮೆಂಟ್ (ಬಾಗಲಕೋಟೆ), ಮಂಗಳವಾರ ರಾತ್ರಿ 9:35

ಅಕ್ಕಾರೆ, ಊಟ ಮಾಡ್ತಾ ಅದನ್ನೇ ಯೋಚನೆ ಮಾಡಿದೆ.

ಮೊದಲ ಲೋಡು ತಗೊಂಡ ಗುತ್ತಿಗೆದಾರರು ಹಳೇ ಊರಿನಲ್ಲಿ ನಮ್ಮ ಅಪ್ಪನ ಅಂಗಡಿಗೆ ಬರ್ತಿದ್ದವರು. ಅವರ ಮನೆಯೂ ಮುಳುಗಿತ್ತು. ಅಪ್ಪ ಒಂದು ಸಲ ಗಟ್ಟಿಯಾದ ಚೀಲಗಳನ್ನು ಮರುಮಾತಿಲ್ಲದೆ ವಾಪಸ್ ತಗೊಂಡಿದ್ದನ್ನು ಅವರೇ ನನಗೆ ಸೈಟಿನಲ್ಲಿ ನೆನಪು ಮಾಡಿದ್ದರು. ಎರಡನೆಯವರನ್ನು ಪರಿಚಯಿಸಿದವರೂ ಅವರೇ. ನಾನು ಹಾರಿದೆ ಅನ್ಕೊಂಡಿದ್ದೆ. ಕೆಳಗೆ ಅಪ್ಪ ಹಾಸಿಟ್ಟಿದ್ದ ಗಾದಿ ಇತ್ತು.

ಆದರೂ ಒಂದು ಮಾತು ಬಿಡಲ್ಲ. ಎಷ್ಟು ದಿನ ಒಂದೇ ಮೆಟ್ಟಿಲು? ನನ್ನ ತಮ್ಮನ ಮಗ ಎರಡು ವರ್ಷ ಒಂದೇ ಕಡೆ ನಿಂತು ಆಟವನ್ನೇ ಬಿಟ್ಟ. ಅದೂ ನಷ್ಟವೇ ಅಲ್ವಾ?

ಜ್ವಾಳದ ರೊಟ್ಟಿ (ವಿಜಯಪುರ), ಬುಧವಾರ ಬೆಳಗ್ಗೆ 11:10

ನಾ ಹೊಸಬಳರೀ, ಓದಿ ಧೈರ್ಯ ಬಂತು, ಅದಕ್ಕ ಬರ್ಯಾಕತ್ತೀನಿ.

ಮನ್ಯಾಗ ಕಟಿರೊಟ್ಟಿ, ಶೇಂಗಾ ಹಿಂಡಿ, ಅಗಸಿ ಹಿಂಡಿ ಮಾಡಿ ಮಾರತೀನಿ. ಓಣ್ಯಾಗ ಛಲೋ ನಡದೈತಿ. ನಮ್ಮ ಸ್ವಸಹಾಯ ಸಂಘದ ಅಕ್ಕಾರು ಒಂದು ಉದ್ಯಮಿಗಳ ಸಭೆಗೆ ಕರಕೊಂಡ ಹೋಗಿದ್ರು. ಎಲ್ಲಾರೂ ಎದ್ದು ಒಂದ ನಿಮಿಷದಾಗ ತಮ್ಮ ಬಗ್ಗೆ ಹೇಳಬೇಕು. ನನ್ನ ಸರತಿ ಬಂದಾಗ ಬಾಯಿ ಒಣಗಿ ಹೆಸರು ಹೇಳಿ ಕುಂತೆ. ಅಲ್ಲಿ ಸೂಟು ಹಾಕಿದವ್ರು, ಕಾರ್ಡ್ ಹಂಚಾವ್ರು. ನಂದು ಕಾರ್ಡೂ ಇಲ್ಲ. ಮುಂದಿನ ಸಲ ಹೋಗಲೋ ಬ್ಯಾಡೋ ಅಂತ ಅನಸತೈತಿ. ನನಗ ತಗ್ಗು ಬೀಮ್ ಯಾವುದರೀ?

ಉದ್ಯಮಬಾಗ ಲೇಥ್ (ಬೆಳಗಾವಿ), ಬುಧವಾರ ಮಧ್ಯಾಹ್ನ 2:00

ತಂಗೀ, ಹೋಗಲೇಬೇಕು. ನಾನು ಬಿದ್ದ ಮೇಲೆ ಮತ್ತೆ ಹೇಗೆ ಶುರು ಮಾಡಿದೆ ಅಂತ ಹೇಳ್ತೀನಿ, ನಿನಗೆ ಹೊಂದಿದ್ದು ತಗೋ.

ಆ ಘಟನೆ ಆದ ಮೇಲೆ ಎರಡು ತಿಂಗಳು ಸಭೆಯಲ್ಲಿ ಏನೂ ಕೇಳಲಿಲ್ಲ. ಒಂದು ನೂರು ಪುಟದ ನೋಟ್‌ಬುಕ್ ಇಟ್ಟೆ. ಯಾರು, ಏನು ಕೆಲಸ, ಅವರಿಗೆ ಯಾವ ಥರದ ಗಿರಾಕಿ ಬೇಕು, ಅಷ್ಟೇ ಬರೆದುಕೊಂಡೆ. ಆಮೇಲೆ ಒಬ್ಬೊಬ್ಬರ ಜಾಗಕ್ಕೇ ಹೋಗಿ ಅರ್ಧ ಗಂಟೆ ಕೂತು ಕೆಲಸ ನೋಡಿದೆ. ಪ್ಯಾಕಿಂಗ್ ಡಬ್ಬಿ ಮಾಡುವವರಿಗೂ ಒಬ್ಬ ಎರಕದ ಪ್ಯಾಟರ್ನ್ ಮಾಡುವವರಿಗೂ ಪರಿಚಯ ಮಾಡಿಸಿದೆ. ನನಗೇನೂ ಬರಲಿಲ್ಲ, ಅವರಿಬ್ಬರಿಗೆ ಕೆಲಸ ಆಯ್ತು. ಅದಾದ ಮೇಲೆಯೇ ನನಗೊಂದು 20 ಪೀಸಿನ ಕೆಲಸ ಬಂತು. ಪ್ರತಿ ಪೀಸನ್ನೂ ನಾನೇ ಒಳ ವ್ಯಾಸ ಅಳೆಯೋ ಬೋರ್‌ಗೇಜ್ ಇಟ್ಟು ನೋಡಿ, ಅಳತೆ ಹಾಳೆಯನ್ನು ಡಬ್ಬಿಯಲ್ಲೇ ಇಟ್ಟು ಕಳಿಸಿದೆ. ಎರಡನೇ ಸಲ ಅವರೇ ಫೋನ್ ಮಾಡಿದರು. ಫೋನಿಟ್ಟ ಮೇಲೆ ಅನಿಸ್ತು, ಇದು ಆಯ್ತು, ಇನ್ನು 50ಕ್ಕೆ ಹೋಗಬಹುದು ಅಂತ. ನಾನು ಕೇಳಿ ಬಂದ ಕೆಲಸಕ್ಕೂ ಅವರೇ ಕರೆದು ಕೊಟ್ಟ ಕೆಲಸಕ್ಕೂ ಅಷ್ಟು ವ್ಯತ್ಯಾಸ ಇದೆ.

ಒಂದು ನಿಮಿಷದ ಮಾತಿಗೆ ನನ್ನ ಹೆಂಡತಿ ಒಂದು ಉಪಾಯ ಹೇಳಿದಳು: ಇಡೀ ಕಂಪನಿ ಬಗ್ಗೆ ಹೇಳಬೇಡಿ, ಒಂದು ಬುಷ್ ಬಗ್ಗೆ ಹೇಳಿ ಅಂತ. ನೀನೂ ಒಂದು ರೊಟ್ಟಿ ಬಗ್ಗೆ ಹೇಳು. ಎಷ್ಟು ದಿನ ಕೆಡಲ್ಲ, ಮುರಿದಾಗ ಹೇಗೆ ಸದ್ದು ಮಾಡುತ್ತೆ, ಯಾರಿಗೆ ಕಳಿಸಬಹುದು. ಜೊತೆಗೆ ನಾಲ್ಕು ರೊಟ್ಟಿ, ಒಂದು ಡಬ್ಬಿ ಹಿಂಡಿ ತಗೊಂಡು ಹೋಗು. ಕಾರ್ಡ್ ಅದೇ. ಎಫ್‌ಎಸ್‌ಎಸ್‌ಎಐ (ಆಹಾರ ಸುರಕ್ಷತೆಯ) ನೋಂದಣಿ ಮಾಡಿಸಿಲ್ಲ ಅಂದ್ರೆ ದೊಡ್ಡ ಆರ್ಡರ್ ಬರೋ ಮುಂಚೆಯೇ ಮಾಡಿಸಿಕೋ. ಸಣ್ಣ ಉದ್ಯಮಗಳ ಉದ್ಯಮ್ ನೋಂದಣಿಯೂ ಆನ್‌ಲೈನಲ್ಲಿ ಉಚಿತ, 2020ರ ಜುಲೈನಿಂದ ಇದೆ, ಮಧ್ಯವರ್ತಿಗೆ ದುಡ್ಡು ಕೊಡಬೇಡ.

ಮೇಷ್ಟ್ರು (ಬೆಳಗಾವಿ), ಬುಧವಾರ ಸಂಜೆ 6:40

ನಾನು ವಾಣಿಜ್ಯ ಕಲಿಸುವವನು. ಸಹೋದರಿಗೆ ಎರಡು ವಿಷಯ.

ಇಂಥ ವಾರದ ಸಭೆಗಳ ಪದ್ಧತಿಯನ್ನು ದೊಡ್ಡದು ಮಾಡಿದವರಲ್ಲಿ ಒಬ್ಬರು ಐವನ್ ಮಿಸ್ನರ್, 1985ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಬಿಎನ್‌ಐ ಎಂಬ ಉದ್ಯಮಿಗಳ ಕೂಟ ಶುರು ಮಾಡಿದವರು. ಅವರು ಹೇಳುವ ಕ್ರಮ ಮೂರೇ: ಮೊದಲು ಜನರ ಕಣ್ಣಿಗೆ ಬೀಳಬೇಕು, ಆಮೇಲೆ ನಂಬಿಕೆ, ಲಾಭ ಕೊನೆಗೆ. ಬಹಳ ಜನ ಕಣ್ಣಿಗೆ ಬಿದ್ದ ಕೂಡಲೇ ಲಾಭ ಕೇಳುತ್ತಾರೆ, ನಡುವಿನದು ಬಿಟ್ಟುಹೋಗುತ್ತೆ. ನೀವು ಹೆಸರು ಹೇಳಿ ಕೂತಿರಲ್ಲ, ಆ ಮೊದಲ ಮೆಟ್ಟಿಲನ್ನು ನೀವು ಹತ್ತಿಯೇ ಬಂದಿದ್ದೀರಿ.

ಎರಡನೆಯದು, ಗೊತ್ತಿಲ್ಲದ ಸೂಟಿನವರನ್ನು ಕಂಡು ಹೆದರಬೇಡಿ. ಮಾರ್ಕ್ ಗ್ರ್ಯಾನೊವೆಟರ್ ಎಂಬ ಅಮೆರಿಕದ ಸಮಾಜಶಾಸ್ತ್ರಜ್ಞ 1973ರಲ್ಲೇ ತೋರಿಸಿದ ಸಂಗತಿ ಇದು. ಹೊಸ ಕೆಲಸದ ಸುದ್ದಿ ಆಪ್ತರಿಗಿಂತ ಅಷ್ಟಕ್ಕಷ್ಟೇ ಪರಿಚಯ ಇರುವವರಿಂದ ಹೆಚ್ಚು ಬರುತ್ತದೆ. ಯಾಕಂದರೆ ಆಪ್ತರಿಗೆ ಗೊತ್ತಿರುವುದು ನಿಮಗೂ ಗೊತ್ತಿರುತ್ತದೆ. ನಿಮ್ಮ ಓಣಿಯ ಎಲ್ಲರಿಗೂ ನಿಮ್ಮ ರೊಟ್ಟಿ ಗೊತ್ತು. ಅಂಥ ರೊಟ್ಟಿ ಬೇಕು ಅನ್ನೋ ಪುಣೆಯ ಹಾಸ್ಟೆಲಿನ ಸುದ್ದಿ ಇರೋದು ಆ ಸೂಟಿನವರ ಹತ್ತಿರ.

ಮಣೂಕ (ವಿಜಯಪುರ), ಬುಧವಾರ ರಾತ್ರಿ 10:15

ನಮ್ಮದು ದ್ರಾಕ್ಷಿ ತ್ವಾಟ, ಮಣೂಕದ (ಒಣದ್ರಾಕ್ಷಿ) ಶೆಡ್ ಐತ್ರೀ, ತಿಕೋಟಾ ಕಡೆ. ಮಾಸ್ತರ ಹೇಳಿದ ಆ ನಡುವಿನ ಮೆಟ್ಟಿಲ ಬಗ್ಗೆ ನಾನೊಂದು ಹೇಳತೀನಿ.

ಮೊದಲನೇ ವರ್ಷ ಮಹಾರಾಷ್ಟ್ರದ ತಾಸಗಾಂವ ಪ್ಯಾಟಿಗೆ ಮಾಲು ಒಯ್ದಾಗ ನನ್ನ ಗುರ್ತು ಯಾರಿಗೂ ಇಲ್ಲ. ಎರಡ ಕ್ವಿಂಟಲ್ ಅಷ್ಟ ಒಯ್ದಿದ್ದೆ. ಅಡತಿ ಮಾಲಕ ಬಾಕ್ಸ್ ತಗದು ಮ್ಯಾಲಿಂದ ನೋಡಲಿಲ್ಲ. ಕೈ ತಳಕ್ಕ ಹಾಕಿ ಒಂದು ಮುಟಿಗಿ ತಗದು, ಅಂಗೈಯಾಗ ಹರವಿ, ಹಿಚುಕಿ, ಮೂಸಿ ನೋಡಿದ. ಮ್ಯಾಲಿನ ಬಣ್ಣ, ತಳದ ಬಣ್ಣ ಒಂದ ಇತ್ತು. ತೊಟ್ಟು ಇರಲಿಲ್ಲ. ಏನೂ ಅನಲಿಲ್ಲ, ಲಿಲಾವಕ್ಕ (ಹರಾಜಿಗೆ) ಹಚ್ಚಿದ. ಹಂಗ ಮೂರು ಸೀಸನ್ ತಳಕ್ಕ ಕೈ ಹಾಕಿದ. ನಾಲ್ಕನೇ ವರ್ಷ ಮ್ಯಾಲಿನ ಬಾಕ್ಸ್ ಅಷ್ಟ ನೋಡಿ "ನಿಮ್ಮದ ಮಾಲು ಅಲ್ಲೇನು, ಇಡ್ರಿ" ಅಂದ. ನಾ ಮನಿಗೆ ಫೋನ್ ಹಚ್ಚಿ ನಮ್ಮಪ್ಪಗ ಹೇಳಿದೆ. ಆ ವರ್ಷ ರೇಟು ಕಡಿಮಿ ಇತ್ತು, ಆದರೂ ಅಪ್ಪ ಪೇಡೆ ತರಿಸಿದ್ದ.

ರೊಟ್ಟಿ ತಂಗೆವ್ವಾ, ಮ್ಯಾಲಿನ ನಾಕು ರೊಟ್ಟಿ ಛಲೋ ಇಟ್ಟು ತಳಕ್ಕ ಮುರುಕು ಇಡಬ್ಯಾಡ, ಇಷ್ಟ ನಾ ಹೇಳೂದು.

ಬೀಮ್ ಅಕ್ಕ (ಬೆಳಗಾವಿ), ಗುರುವಾರ ಬೆಳಗ್ಗೆ 7:30

ಸಿಮೆಂಟ್ ಅಣ್ಣಾರ ಪ್ರಶ್ನೆ ಹಾಗೇ ಉಳಿದಿದೆ. ಅದು ನನ್ನನ್ನೂ ಕಾಡುವ ಪ್ರಶ್ನೆ. ಎರಡು ವರ್ಷ ಒಂದೇ ಕಡೆ ನಿಂತ ಮಗು ಬಿಟ್ಟುಹೋದರೆ ತಪ್ಪು ಮಗುವಿನದಲ್ಲ, ಕಲಿಸುವವರದು. ನಾನೂ ಅಂಥ ತಪ್ಪು ಮಾಡಿದ್ದೀನಿ.

ಮೂರ್ನಾಲ್ಕು ವಾರ ಮುಂದೆ ಹೋಗದಿದ್ದರೆ ಅದನ್ನೇ ಮಾಡಿಸ್ತಾ ಕೂರೋದು ಪ್ರಯೋಜನ ಇಲ್ಲ. ಮೆಟ್ಟಿಲು ಎತ್ತರ ಆಗಿದೆ ಅಂತ ಅರ್ಥ, ನಡುವೆ ಇನ್ನೊಂದು ಮೆಟ್ಟಿಲು ಕಟ್ಟಬೇಕು. ಒಬ್ಬ ಹುಡುಗಿಗೆ ಕೈಮೇಲೆ ನಿಲ್ಲೋದು ತಿಂಗಳುಗಟ್ಟಲೆ ಬರಲಿಲ್ಲ. ನೋಡಿದರೆ ಮಣಿಕಟ್ಟು ನೋಯ್ತಿತ್ತು, ಹೇಳೋಕೆ ಹೆದರಿದ್ದಳು. ಎರಡು ವಾರ ಕೈಮೇಲೆ ಭಾರ ಹಾಕೋದು ಪೂರ್ತಿ ನಿಲ್ಲಿಸಿ, ಡಾಕ್ಟರಿಗೆ ತೋರಿಸಿ, ಆಮೇಲೆ ಮಂಡಿಯೂರಿ ಅಂಗೈ ಒತ್ತೋದರಿಂದ ಶುರು ಮಾಡಿದೆ. ಬಂತು. ಅದರ ಜೊತೆಗೆ ಪ್ರತಿ ಕ್ಲಾಸಿನಲ್ಲೂ ಮಗುವಿಗೆ ಈಗಾಗಲೇ ಚೆನ್ನಾಗಿ ಬರುವ ಒಂದನ್ನು ಎಲ್ಲರ ಮುಂದೆ ಮಾಡಿಸ್ತೀನಿ. ಬಾರದ್ದನ್ನೇ ಮಾಡಿ ಮನೆಗೆ ಹೋದ ಮಗು ಮರುದಿನ ಬರೋಕೆ ಮನಸ್ಸು ಮಾಡಲ್ಲ. ನಿಮ್ಮ ತಮ್ಮನ ಮಗನಿಗೆ ಇನ್ನೂ ಆಸೆ ಇದ್ದರೆ ಕರಕೊಂಡು ಬರ್ರಿ. ಅವನು ಯಾವ ಮೆಟ್ಟಿಲಲ್ಲಿ ನಿಂತಿದ್ದ ಅಂತ ಮೊದಲು ನೋಡೋಣ.

ನವನಗರ ಸಿಮೆಂಟ್ (ಬಾಗಲಕೋಟೆ), ಗುರುವಾರ ಬೆಳಗ್ಗೆ 9:05

ಅವನಿಗೆ ಈಗ ಹದಿಮೂರು. ಓದಿ ತೋರಿಸಿದೆ. "ನಂಗೂ ಮಣಿಕಟ್ಟು ನೋಯ್ತಿತ್ತು ದೊಡ್ಡಪ್ಪ" ಅಂದ. ಎರಡು ವರ್ಷ ಯಾರಿಗೂ ಹೇಳಿರಲಿಲ್ಲ. ಮುಂದಿನ ರವಿವಾರ ಬೆಳಗಾವಿಗೆ ಕರಕೊಂಡು ಬರ್ತೀನಿ ಅಕ್ಕಾರೆ.

ಉದ್ಯಮಬಾಗ ಲೇಥ್ (ಬೆಳಗಾವಿ), ಶನಿವಾರ ರಾತ್ರಿ 8:20

ಎಲ್ಲರ ಮಾತನ್ನೂ ಮಗಳಿಗೆ ಓದಿ ಹೇಳಿದೆ. ಸಿಮೋನ್ ಬೈಲ್ಸ್ ಸುಲಭದ್ದು ಮಾಡಿದ್ದು ಅವಳಿಗೆ ನಂಬೋಕೇ ಆಗಲಿಲ್ಲ, ಎರಡು ಸಲ ಕೇಳಿದಳು. ಗುರುವಾರ ಕ್ಲಾಸಿನ ಕೊನೆಗೆ ಗೋಡೆ ಹತ್ತಿರ 30 ಸೆಕೆಂಡ್ ನಿಂತಳಂತೆ. ಇವತ್ತು ನಾನು ಬಾಗಿಲ ಹತ್ತಿರ ನಿಂತು ನೋಡಿದೆ. 22ಕ್ಕೆ ಹೊಟ್ಟೆ ಜೋತು ಬಿತ್ತು, ಅವಳೇ ತಿಳಿದು ಇಳಿದಳು, ಉಸಿರು ತಗೊಂಡು ಮತ್ತೆ ನಿಂತಳು. ಕೋಚ್ ಕಡೆ ನೋಡಲಿಲ್ಲ. ಉರುಳೆ ಗಾದಿ ಮುಂದಿನ ವಾರ ತರ್ತೀನಿ ಅಂದಿದ್ದಾರೆ ಮೇಡಂ.

ಇನ್ನೊಂದು, ನನ್ನನ್ನು ಪರಿಚಯಿಸಿದ ಆ ಹಿರಿಯರ ಮನೆಗೆ ಇವತ್ತು ಸಂಜೆ ಹೋಗಿದ್ದೆ. ಎರಡು ವರ್ಷದಿಂದ ಹೋಗಿರಲಿಲ್ಲ. ಕೆಲಸ ಕೇಳಲಿಲ್ಲ. ಅವತ್ತು ಏನು ತಪ್ಪಾಗಿತ್ತು, ಈಗ ರಾತ್ರಿ ಪಾಳಿಯಲ್ಲಿ 25 ಪೀಸಿಗೊಮ್ಮೆ ಅಳತೆ ಹೇಗೆ ತಗೊಳ್ತೀವಿ ಅಂತ ಹೇಳಿ ಬಂದೆ. ಚಹಾ ಕುಡಿಸಿದರು. ಬಹಳ ಮಾತಾಡಲಿಲ್ಲ.

ಮಣೂಕ (ವಿಜಯಪುರ), ಶನಿವಾರ ರಾತ್ರಿ 9:10

ಲೇಥ್ ಅಣ್ಣಾರ, ನಮ್ಮ ಶೆಡ್ಡಿನ ತೊಟ್ಟು ಬಿಡಸೂ ಮಷೀನಿನ ಬುಷ್ ಪ್ರತಿ ಸೀಸನ್ ಸವದು ಹೋಗತಾವ. ಹನ್ನೆರಡು ಅದಾವ. ಎಲ್ಲಾ ನೀವ ಮಾಡಿ ಕೊಡತೀರೇನು?

ಉದ್ಯಮಬಾಗ ಲೇಥ್ (ಬೆಳಗಾವಿ), ಶನಿವಾರ ರಾತ್ರಿ 9:25

ಹನ್ನೆರಡು ಈಗಲೇ ಬೇಡ ಸರ. ಸವೆದಿದ್ದು ಒಂದು, ಸಿಕ್ಕರೆ ಹೊಸದೊಂದು ಕಳಿಸ್ರಿ. ಶಾಫ್ಟಿನ ಅಳತೆಯೂ ಬೇಕು. ಯಾವ ಕಡೆ ಸವೆದಿದೆ ಅಂತ ನೋಡಿ ಎರಡು ಪೀಸ್ ಮಾಡಿ ಕೊಡ್ತೀನಿ. ಮಷೀನಿಗೆ ಹಾಕಿ ಓಡಿಸಿ, ತಿಂಗಳ ಮೇಲೆ ಬಿಚ್ಚಿ ನೋಡ್ರಿ. ಉಳಿದ ಹತ್ತರ ಮಾತು ಆಮೇಲೆ.

ಮಣೂಕ (ವಿಜಯಪುರ), ಶನಿವಾರ ರಾತ್ರಿ 9:31

ಆತ್ರೀ. ನಾಳಿನ ಮುಂಜಾನಿ ಬೆಳಗಾವಿ ಬಸ್ಸಿಗೆ ಪಾರ್ಸಲ್ ಇಡತೀನಿ. ಬುಷ್ ಜೋಡಿ ಒಂದು ಪುಡಿಕಿ ಮಣೂಕ ಇಟ್ಟೀನಿ, ಮಗಳಿಗೆ. ತಳದಿಂದ ತಗದಿದ್ದು.